ಆ ಡ್ರೈ ಸೂಟ್ ಬ್ಯಾಡ, ಮೊದಲು ಹಗ್ಗ ತಗೊಳ್ಳೋಣ

ನಮ್ಮ ವಾಟ್ಸಾಪ್ ಗ್ರೂಪಿನಲ್ಲಿ ಇರೋದು ಮೂರೇ ಜನ. ನಾನು ಸಿಂಧನೂರು, ಒಬ್ಬ ಮಸ್ಕಿ, ಇನ್ನೊಬ್ಬ ಲಿಂಗಸೂಗೂರು. ಹತ್ತನೇ ಕ್ಲಾಸಿನವರೆಗೆ ಒಂದೇ ಬೆಂಚು, ಈಗ ಮೂರು ಬೇರೆ ಕಾಲೇಜು. ದಸರಾ ರಜೆಗೆ ಇನ್ನೂ ಹತ್ತು ದಿನ ಇರುವಾಗ ಮಸ್ಕಿಯವನು ಒಂದು ಫೋಟೋ ಹಾಕಿದ. ಕಪ್ಪು ಬಣ್ಣದ ಸೂಟು, ತಲೆಯಿಲ್ಲದ ಮನುಷ್ಯನ ಹಾಗೆ ಬಾಗಿಲಿಗೆ ತೂಗುಬಿದ್ದಿತ್ತು. ಕೆಳಗೆ ಮೆಸೇಜು: "ಸ್ಕೂಬಾ ಡೈವಿಂಗಿಂದು ಡ್ರೈ ಸೂಟ್. ಸೆಕೆಂಡ್ ಹ್ಯಾಂಡ್. ಅಣ್ಣ ಕೊಡ್ತಾನಂತ, 35 ಸಾವಿರ. ತಗೊಳ್ಳೂಣೇನ್ರಲೇ?"

ಅಣ್ಣ ಅಂದರೆ ಅವನ ದೊಡ್ಡಪ್ಪನ ಮಗ. ಸ್ವೀಡನ್‌ನಲ್ಲಿ ಸಾಫ್ಟ್‌ವೇರ್ ಕೆಲಸ, ವೀಕೆಂಡ್ ಬಂದರೆ ಡೈವಿಂಗ್. ತಾವು ಹೊಸ ಸೂಟ್ ತಗೊಂಡಿದ್ದಾರೆ, ಹಳೇದನ್ನ ಊರಿಗೆ ಬರುವಾಗ ಬ್ಯಾಗಿನಲ್ಲಿ ಹಾಕಿಕೊಂಡು ಬರ್ತೀನಿ ಅಂದಿದ್ದರು. ಹೊಸದಕ್ಕೆ ಒಂದು ಲಕ್ಷದ ಮೇಲೇ ಆಗ್ತದೆ. ಹಾಗಾಗಿ 35 ಸಾವಿರ ಅನ್ನೋದು ನಮಗೆ ಆಫರ್ ಥರಾನೇ ಕಂಡಿತು.

ಸಿಂಧನೂರಿಗೂ ಸ್ಕೂಬಾಗೂ ಏನು ಸಂಬಂಧ ಅಂತ ನೀವು ಕೇಳಬಹುದು. ನಮ್ಮ ರಾಜ್ಯದಲ್ಲಿ ಸ್ಕೂಬಾ ಅಂದರೆ ಎಲ್ಲರಿಗೂ ನೆನಪಾಗೋದು ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪ. ಅಲ್ಲಿಗೆ ನಮ್ಮೂರಿಂದ ಒಂದು ಇಡೀ ರಾತ್ರಿಯ ಪ್ರಯಾಣ. ನಮಗೆ ಸಮುದ್ರದ ಚಿಂತೆ ಇರಲಿಲ್ಲ. ನಮಗಿದ್ದದ್ದು ಕಾಲುವೆಯ ಚಿಂತೆ.

ಈ ಕಡೆಯವರಲ್ಲದವರಿಗೆ ಒಂದು ಮಾತು ಹೇಳಬೇಕು. ತುಂಗಭದ್ರಾ ಡ್ಯಾಮಿನ ಎಡದಂಡೆ ಮುಖ್ಯ ಕಾಲುವೆ ಸುಮಾರು 227 ಕಿಲೋಮೀಟರ್ ಉದ್ದ. ಗಂಗಾವತಿ, ಕಾರಟಗಿ, ಸಿಂಧನೂರು ದಾಟಿ ಮಾನ್ವಿ ಮೇಲೆ ರಾಯಚೂರಿನ ಕಡೆ ಹೋಗುತ್ತದೆ. ನಮ್ಮ ಭತ್ತ, ನಮ್ಮ ರೈಸ್ ಮಿಲ್ಲುಗಳು, ನನ್ನ ಕಾಲೇಜು ಫೀಜು ಕೂಡ ಆ ನೀರಿನದೇ. ಲಿಂಗಸೂಗೂರಿನವನಿಗೆ ಕೃಷ್ಣಾ ನೀರು, ನಾರಾಯಣಪುರ ಬಲದಂಡೆ ಕಾಲುವೆ. ಮಸ್ಕಿಯವನಿಗೆ ಹಳ್ಳ. ಬೇಸಿಗೆಯಲ್ಲಿ ಅದರಲ್ಲಿ ಕ್ರಿಕೆಟ್ ಆಡಬಹುದು, ಮಳೆಗಾಲದಲ್ಲಿ ಬಂದರೆ ಒಂದು ಗಂಟೆಯಲ್ಲಿ ಬಂದುಬಿಡುತ್ತದೆ. ಮೂರೂ ಕಡೆ ನೀರಿನ ಪಕ್ಕದಲ್ಲೇ ಜೀವನ. ಬಟ್ಟೆ ಒಗೆಯೋದು, ಎತ್ತು ಮೈ ತೊಳೆಯೋದು, ಟ್ರ್ಯಾಕ್ಟರ್ ತೊಳೆಯೋದು, ಸಂಜೆ ಸುಮ್ಮನೆ ಕಾಲು ಇಳಿಬಿಟ್ಟು ಕೂಡೋದು.

ಹೋದ ವರ್ಷ ಆಗಸ್ಟಿನಲ್ಲಿ, ಸಿಇಟಿ ಕೌನ್ಸೆಲಿಂಗ್ ಮುಗಿದು ಕಾಲೇಜು ಇನ್ನೂ ಶುರುವಾಗಿರದ ದಿನಗಳಲ್ಲಿ, ನಮ್ಮ ಪಕ್ಕದ ಓಣಿಯ ಒಂಬತ್ತನೇ ಕ್ಲಾಸಿನ ಹುಡುಗ ಉಪಕಾಲುವೆಯಲ್ಲಿ ಜಾರಿದ. ಚಪ್ಪಲಿಗೆ ಹತ್ತಿದ ಕೆಸರು ತೊಳೆಯೋಕೆ ಹೋಗಿದ್ದ, ಅಷ್ಟೇ. ಸಿಮೆಂಟ್ ಇಳಿಜಾರಿನ ಮೇಲೆ ಪಾಚಿ ಕಟ್ಟಿರುತ್ತದೆ, ಒಂದು ಸಲ ಕಾಲು ಜಾರಿದರೆ ಹಿಡಿಯೋಕೆ ಏನೂ ಸಿಗೋದಿಲ್ಲ. ದಂಡೆ ಮೇಲೆ ನಾವು ಹನ್ನೆರಡು ಹದಿನೈದು ಜನ ಇದ್ದೆವು. ಎಲ್ಲರ ಕೈಯಲ್ಲೂ ಫೋನ್ ಇತ್ತು, ಒಬ್ಬರ ಕೈಯಲ್ಲೂ ಹಗ್ಗ ಇರಲಿಲ್ಲ. ಯಾರೋ ಟವೆಲ್ ಎಸೆದರು, ಮುಟ್ಟಲಿಲ್ಲ. ಅವನು ಎರಡು ಸಲ ಮೇಲೆ ಬಂದ. ಈಜು ಬರುತ್ತಿದ್ದ ಒಬ್ಬರು ಇಳಿಯೋಷ್ಟರಲ್ಲಿ ಸೇತುವೆ ಕೆಳಗೆ ಹೋಗಿಬಿಟ್ಟಿದ್ದ.

ಆಮೇಲೆ ನಾನು ನೋಡಿದ್ದು ಒಂದು. ನೂರು ಹೆಜ್ಜೆ ದೂರದಲ್ಲಿ ಗೊಬ್ಬರದ ಚೀಲ ತಂದ ಟ್ರ್ಯಾಕ್ಟರ್ ನಿಂತಿತ್ತು. ಟ್ರೇಲರಿನ ಮೂಲೆಯಲ್ಲಿ ನೀಲಿ ಹಗ್ಗ ಸುತ್ತಿ ಇಟ್ಟಿದ್ದರು. ಯಾರಿಗೂ ಹೊಳೆಯಲಿಲ್ಲ. ನನಗೂ ಹೊಳೆಯಲಿಲ್ಲ.

ಮಾರನೇ ದಿನ ಅವನನ್ನ ಮೇಲೆ ತಂದದ್ದು ಮೀನು ಹಿಡಿಯೋ ಒಬ್ಬ ಕಾಕಾ. ನಮ್ಮ ಕಡೆ ಯಾರೇ ಕಾಲುವೆಗೆ ಬಿದ್ದರೂ ಮೊದಲು ಫೋನ್ ಹೋಗೋದು ಅವರಿಗೇ. ಬರೀ ಚಡ್ಡಿ ಮೇಲೆ ಇಳಿಯುತ್ತಾರೆ. ಮಾಸ್ಕ್ ಇಲ್ಲ, ಲೈಫ್ ಜಾಕೆಟ್ ಇಲ್ಲ. ಅವರಿಗೆ ಏನಾದರೂ ಕೊಡಿಸಬೇಕು ಅನ್ನೋದು ಆವತ್ತಿನಿಂದ ನಮ್ಮ ಮೂವರ ತಲೆಯಲ್ಲಿ ಕೂತಿತ್ತು. ಅದಕ್ಕೇ ಆ ಫೋಟೋ ಬಂದಾಗ ಮಸ್ಕಿಯವನು "ಕಾಕಾಗ ಇದನ್ನ ಕೊಡಸೂಣು" ಅಂದ ತಕ್ಷಣ ಮೂವರಿಗೂ ಸರಿ ಅನ್ನಿಸಿತು. ಮೂರು ಕಾಲೇಜಿನಲ್ಲಿ ಚಂದಾ ಎತ್ತಿದರೆ 35 ಸಾವಿರ ದೊಡ್ಡ ಮಾತಲ್ಲ.

ಈಗ ನಾನು ಆ ಸೂಟ್ ಬೇಡ ಅಂತ ವಾದ ಮಾಡುತ್ತಿದ್ದೇನೆ. ಗ್ರೂಪಿನಲ್ಲಿ ಇದರ ಬಗ್ಗೆ ಜಗಳ ಇನ್ನೂ ನಡೀತಿದೆ. ಇಲ್ಲಿ ಬರೆಯೋದು ಯಾಕಂದರೆ, ನಮ್ಮ ಕ್ಯಾಂಪಸ್ಸಿನಲ್ಲಿ ಕಾಲುವೆ ಪಕ್ಕದ ಊರಿನವರು ತುಂಬ ಇದ್ದೀರಿ, ಚಂದಾ ಕೇಳಿಕೊಂಡು ನಾಳೆ ನಿಮ್ಮ ಹತ್ತಿರಾನೂ ಯಾರಾದರೂ ಬರಬಹುದು.

ಮೊದಲು ಡ್ರೈ ಸೂಟ್ ಅಂದರೆ ಏನು ಅಂತ. ನೇತ್ರಾಣಿಯಲ್ಲಿ ಟೂರಿಸ್ಟುಗಳಿಗೆ ಹಾಕಿಸೋದು ವೆಟ್ ಸೂಟ್. ಅದರೊಳಗೆ ನೀರು ಬರ್ತದೆ, ಮೈ ಶಾಖಕ್ಕೆ ಆ ತೆಳು ನೀರಿನ ಪದರ ಬೆಚ್ಚಗಾಗಿ ನಿಲ್ಲುತ್ತದೆ. ಡ್ರೈ ಸೂಟಿನಲ್ಲಿ ನೀರು ಒಳಗೆ ಬರೋದೇ ಇಲ್ಲ. ಕುತ್ತಿಗೆಗೆ, ಎರಡೂ ಮಣಿಕಟ್ಟಿಗೆ ಬಿಗಿಯಾದ ಸೀಲ್ ಇರುತ್ತವೆ, ಕಾಲಿಗೆ ಸೂಟಿಗೇ ಅಂಟಿದ ಬೂಟು ಅಥವಾ ಸಾಕ್ಸು, ಹಾಕಿಕೊಳ್ಳೋಕೆ ಒಂದು ವಾಟರ್‌ಪ್ರೂಫ್ ಜಿಪ್. ಒಳಗಿರೋದು ಗಾಳಿ, ಅದರ ಕೆಳಗೆ ಬೆಚ್ಚನೆ ಬಟ್ಟೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಶಾಖವನ್ನ ಎಳೆದುಕೊಳ್ಳುತ್ತದೆ, ಹಾಗಾಗಿ ತಣ್ಣನೆ ದೇಶಗಳಲ್ಲಿ ಇದು ಬೇಕೇ ಬೇಕು. ಐಸ್‌ಲ್ಯಾಂಡಿನ ಸಿಲ್ಫ್ರಾ ಅನ್ನೋ ಬಿರುಕಿನಲ್ಲಿ ನೀರು ವರ್ಷವಿಡೀ 2ರಿಂದ 4 ಡಿಗ್ರಿ. ಅಲ್ಲಿ ಡ್ರೈ ಸೂಟ್ ಇಲ್ಲದೆ ಡೈವ್ ಮಾಡೋಕೆ ಬಿಡೋದೇ ಇಲ್ಲ.

ನಮ್ಮ ನೀರಿನ ಕಥೆ ನಿಮಗೇ ಗೊತ್ತು. ಡಿಸೆಂಬರ್ ಮುಂಜಾನೆ ಇಳಿದರೂ ಕೈ ಮರಗಟ್ಟೋದಿಲ್ಲ. ರಾಯಚೂರು ಜಿಲ್ಲೆಯ ಬೇಸಿಗೆ 40 ಡಿಗ್ರಿ ದಾಟುತ್ತದೆ. ಗಾಳಿಯಾಡದ ಸೂಟ್ ಹಾಕಿಕೊಂಡು ದಂಡೆ ಮೇಲೆ ಇಪ್ಪತ್ತು ನಿಮಿಷ ನಿಂತರೆ ಮುಳುಗೋ ಮುಂಚೆ ಬಿಸಿಲಿಗೇ ತಲೆ ಸುತ್ತುತ್ತದೆ.

ಆದರೆ ಇಷ್ಟಕ್ಕೇ ವಾದ ಗೆದ್ದೆ ಅಂತ ನಾನು ಹೇಳೋದಿಲ್ಲ. ಲಿಂಗಸೂಗೂರಿನವನು ಒಳ್ಳೇ ಪಾಯಿಂಟ್ ಹಾಕಿದ. "ಚಳಿಗಷ್ಟೇ ಅಲ್ಲಲೇ, ಹೊಲಸು ನೀರಿಗೂ ಅದನ್ನೇ ಹಾಕ್ತಾರ." ಖರೆ. ಗಟಾರದ ನೀರು, ಕೆಮಿಕಲ್ ನೀರಿನಲ್ಲಿ ಹುಡುಕೋ ಪೊಲೀಸ್ ಮತ್ತು ಫೈರ್ ಡೈವರುಗಳು ಹೊರದೇಶಗಳಲ್ಲಿ ಡ್ರೈ ಸೂಟನ್ನೇ ಹಾಕೋದು, ಅದೂ ತೊಳೆಯೋಕೆ ಸುಲಭವಾದ ರಬ್ಬರಿನದು. ನಮ್ಮ ಹೊಲಗಳಿಂದ ಬಸಿದು ಹಳ್ಳ ಸೇರೋ ನೀರಿನಲ್ಲಿ ಎಷ್ಟು ಎಣ್ಣೆ ಇರುತ್ತದೆ ಅಂತ (ಎಣ್ಣೆ ಅಂದರೆ ನಮ್ಮ ಕಡೆ ಕೀಟನಾಶಕ) ಭತ್ತ ಬೆಳೆದವರಿಗೆ ಹೇಳಬೇಕಿಲ್ಲ. ಹಾಗಾಗಿ ಸೂಟನ್ನ ಪೂರ್ತಿ ಪರೀಕ್ಷೆ ಮಾಡಿಯೇ ತೀರ್ಮಾನ ಮಾಡೋಣ ಅಂತ ಒಪ್ಪಿದೆವು. ಭಾನುವಾರ ಅಣ್ಣನಿಗೆ ವಿಡಿಯೋ ಕಾಲ್.

ಹಳೇ ಡ್ರೈ ಸೂಟ್ ನೋಡೋದು ಹಳೇ ಬೈಕ್ ನೋಡಿದ ಹಾಗೆ. ಪೇಂಟ್ ನೋಡಿ ಮೋಸ ಹೋಗಬಾರದು. ಅಣ್ಣ ಮೊದಲು ತೋರಿಸಿದ್ದು ಜಿಪ್. ಸೂಟಿನಲ್ಲಿ ರಿಪೇರಿಗೆ ಅತಿ ದುಬಾರಿ ಭಾಗ ಅದೇ, ಅದು ಕೆಟ್ಟರೆ ಹಳೇ ಸೂಟ್ ತಗೊಂಡ ಲಾಭವೆಲ್ಲ ಅಲ್ಲೇ ಮುಗೀತದೆ. ಇವರದು ಹಿತ್ತಾಳೆ ಹಲ್ಲಿನ ಜಿಪ್. ಎರಡೂ ಕಡೆಯ ಹಲ್ಲು ಸಾಲಾಗಿ ಕೂಡಬೇಕು, ಜಿಪ್ಪನ್ನ ಮಡಚಿ ಇಟ್ಟಿರಬಾರದು, ಪಕ್ಕದ ಟೇಪಿನ ನೂಲು ಎದ್ದಿರಬಾರದು. ಹಿತ್ತಾಳೆ ಜಿಪ್ಪಿಗೆ ಮೇಣ ಹಚ್ಚಬೇಕು. ಪ್ಲಾಸ್ಟಿಕ್ ಜಿಪ್ ಆದರೆ ಮೇಣ ಅಲ್ಲ, ತುದಿಯಲ್ಲಿ ಸಿಲಿಕಾನ್ ಗ್ರೀಸ್. ಅಣ್ಣನ ಜಿಪ್ ಚೆನ್ನಾಗಿತ್ತು. ನಿಜ ಹೇಳಬೇಕಂದರೆ ನಮಗಿಂತ ಅವರೇ ಹೆಚ್ಚು ಖುಷಿಪಟ್ಟರು.

ಆಮೇಲೆ ಸೀಲ್. ಅವು ಲೇಟೆಕ್ಸಿನವು, ಬಲೂನಿನ ರಬ್ಬರ್ ಇದ್ದ ಹಾಗೆ. ಬಿಸಿಲು, ಓಝೋನ್, ಮೈ ಎಣ್ಣೆ ಎಲ್ಲವೂ ಅದಕ್ಕೆ ವೈರಿ. ಬಳಸಿದರೂ ಹಾಳಾಗ್ತದೆ, ಬಳಸದೆ ಇಟ್ಟರೂ ಹಾಳಾಗ್ತದೆ, ಕೆಲವು ವರ್ಷಕ್ಕೊಮ್ಮೆ ಬದಲಿಸಲೇಬೇಕು. ಮೆಲ್ಲಗೆ ಹಿಗ್ಗಿಸಿ ನೋಡಿದರೆ ಸಣ್ಣ ಸಣ್ಣ ಬಿರುಕು ಕಾಣ್ತವೆ. ಮುಟ್ಟಿದರೆ ಬೆರಳಿಗೆ ಅಂಟಿದರೆ ಅದು ಕರಗೋಕೆ ಶುರುವಾಗಿದೆ ಅಂತ ಅರ್ಥ. ಅಣ್ಣ ಕುತ್ತಿಗೆ ಸೀಲ್ ಹಿಗ್ಗಿಸಿದಾಗ ಕ್ಯಾಮೆರಾದಲ್ಲೇ ಗೆರೆ ಕಂಡವು. "ಇದು ಬದಲಿಸಬೇಕಾಗ್ತದ ನೋಡು," ಅಂದರು ಅವರೇ.

ಮೂರನೇದು ವಾಲ್ವ್. ಎದೆ ಮೇಲೆ ಗಾಳಿ ಒಳಗೆ ಬಿಡೋದು ಒಂದು, ಎಡ ತೋಳಿನ ಮೇಲೆ ಹೊರಗೆ ಬಿಡೋದು ಒಂದು. ಇದರ ಕೆಲಸ ಫಿಸಿಕ್ಸ್ ಲ್ಯಾಬಿನ ಬಾಯ್ಲ್ ನಿಯಮ. 10 ಮೀಟರ್ ಆಳಕ್ಕೆ ಹೋದರೆ ಒತ್ತಡ ಎರಡು ಪಟ್ಟು, ಸೂಟಿನೊಳಗಿನ ಗಾಳಿ ಅರ್ಧ. ಸೂಟ್ ಮೈಯನ್ನ ಹಿಂಡುತ್ತದೆ, ಆಗ ಸಿಲಿಂಡರಿನಿಂದ ಗಾಳಿ ಬಿಡಬೇಕು. ಮೇಲೆ ಬರುವಾಗ ಅದೇ ಗಾಳಿ ಹಿಗ್ಗುತ್ತದೆ, ಹೊರಗೆ ಬಿಡದಿದ್ದರೆ ಮನುಷ್ಯ ಬಲೂನಿನ ಹಾಗೆ ಮೇಲಕ್ಕೆ ಹಾರ್ತಾನೆ. ಗಾಳಿ ಕಾಲಿಗೆ ಹೋಗಿ ಸೇರಿದರೆ ತಲೆ ಕೆಳಗೆ, ಕಾಲು ಮೇಲೆ. ತೋಳಿನ ವಾಲ್ವ್ ಆಗ ಕೆಳಗಿರುತ್ತದೆ, ಗಾಳಿ ಹೊರಗೆ ಹೋಗೋದೇ ಇಲ್ಲ. ಇದರಿಂದ ಹೊರಬರೋದು ಹೇಗೆ ಅಂತ ಹೇಳಿಕೊಡೋಕೇ ಬೇರೆ ಕೋರ್ಸ್ ಇದೆ, ಪ್ಯಾಡಿಯವರದು ಡ್ರೈ ಸೂಟಿಗೆ ಅಂತಲೇ ಒಂದು ಸರ್ಟಿಫಿಕೇಟ್. ಆ ಹೊತ್ತಿಗೆ ನನಗೆ ಒಳಗೊಳಗೇ ಅನುಮಾನ ಶುರುವಾಗಿತ್ತು.

ಕೊನೆಯದು ಲೀಕ್ ಟೆಸ್ಟ್. ಇದು ನನಗೆ ಬಹಳ ಇಷ್ಟವಾಯಿತು. ಮಣಿಕಟ್ಟಿನ ಸೀಲಿಗೆ ಒಂದೊಂದು ಬಾಟಲಿ ತುರುಕಿ, ಕುತ್ತಿಗೆಗೆ ಒಂದು ಚೆಂಡು ಕೂರಿಸಿ, ಜಿಪ್ ಹಾಕಿ, ಗಾಳಿ ತುಂಬಿ, ಮೈಯೆಲ್ಲ ಸಾಬೂನು ನೀರು ಸ್ಪ್ರೇ ಮಾಡೋದು. ಗುಳ್ಳೆ ಬಂದಲ್ಲಿ ತೂತು. ನಮ್ಮ ಬಸ್ ಸ್ಟ್ಯಾಂಡ್ ಹತ್ತಿರದ ಪಂಕ್ಚರ್ ಅಂಗಡಿಯವರು ಟ್ಯೂಬನ್ನ ಬೋಗುಣಿ ನೀರಿನಲ್ಲಿ ಮುಳುಗಿಸಿ ನೋಡ್ತಾರಲ್ಲ, ಅದೇ ಎಂಜಿನಿಯರಿಂಗ್. ಅಣ್ಣನ ಸೂಟಿನ ಬಲಗಾಲಿನ ಬೂಟಿನ ಹೊಲಿಗೆಯಲ್ಲಿ ಎರಡು ಸಣ್ಣ ಗುಳ್ಳೆ ಎದ್ದವು. "ಇದು ಅಂಟು ಹಚ್ಚಿದರ ಹೋಗ್ತದ," ಅಂದರು.

ಒಟ್ಟು ಲೆಕ್ಕ: ಜಿಪ್ ಪಾಸ್, ಕುತ್ತಿಗೆ ಸೀಲ್ ಫೇಲ್, ಬೂಟು ರಿಪೇರಿ, ವಾಲ್ವ್ ಸರ್ವಿಸ್ ಮಾಡಿಸಬೇಕು. ಸ್ವೀಡನ್‌ನಲ್ಲಿ ಇರೋ ಡೈವರಿಗೆ ಇದು ಕೆಟ್ಟ ವ್ಯಾಪಾರ ಏನಲ್ಲ. ಅಣ್ಣ ಒಂದನ್ನೂ ಮುಚ್ಚಿಡಲಿಲ್ಲ, ಬೆಲೆ ಇಳಿಸ್ತೀನಿ ಅಂತಲೂ ಹೇಳಿದರು. ಮಸ್ಕಿಯವನ ಮಾತು ಇಲ್ಲೇ ನಿಂತಿದೆ: ರಿಪೇರಿ ಮಾಡಿಸಿದರ ಆತು, ಏನ್ ದೊಡ್ಡ ಮಾತು.

ನನಗೆ ಅದೇ ದೊಡ್ಡ ಮಾತಾಗಿ ಕಂಡಿತು. ಸೀಲ್ ಮುಂದಿನ ಸಲ ಹರಿದರೆ ಸಿಂಧನೂರಿನಲ್ಲಿ ಯಾರು ಹಾಕಿಕೊಡ್ತಾರೆ? ಆ ಗಾತ್ರದ ಲೇಟೆಕ್ಸ್ ಎಲ್ಲಿ ಸಿಗ್ತದೆ? ಸೂಟಿನ ವಾಲ್ವಿಗೆ ಹೊಂದೋ ಹೋಸ್, ಆ ಹೋಸಿಗೆ ರೆಗ್ಯುಲೇಟರ್, ರೆಗ್ಯುಲೇಟರಿಗೆ ಸಿಲಿಂಡರ್, ಸಿಲಿಂಡರ್ ತುಂಬೋಕೆ ಉಸಿರಾಡೋ ಗಾಳಿಯ ಕಂಪ್ರೆಸರ್ (ಪಂಕ್ಚರ್ ಅಂಗಡಿಯದು ಅಲ್ಲ, ಅದರ ಗಾಳಿಯಲ್ಲಿ ಆಯಿಲ್ ಇರುತ್ತದೆ). 35 ಸಾವಿರಕ್ಕೆ ನಾವು ತಗೊಳ್ತಿರೋದು ಒಂದು ದೊಡ್ಡ ಸರಪಳಿಯ ಒಂದು ಕೊಂಡಿ. ಬಾಕಿ ಕೊಂಡಿಗಳು ಸ್ವೀಡನ್‌ನಲ್ಲೇ ಉಳೀತವೆ. ಅಣ್ಣ ಆರು ಅಡಿ ಎತ್ತರ, ಕಾಕಾ ನನ್ನ ಭುಜಕ್ಕೆ ಬರ್ತಾರೆ. ಸಡಿಲ ಸೂಟಿನಲ್ಲಿ ಗಾಳಿ ಹೆಚ್ಚು ನಿಲ್ಲುತ್ತದೆ, ಗಾಳಿ ಹೆಚ್ಚಾದಷ್ಟೂ ಮೇಲೆ ಹೇಳಿದ ತಲೆಕೆಳಗಾಗೋ ಅಪಾಯ ಹೆಚ್ಚು.

ಲಿಂಗಸೂಗೂರಿನವನ ಮಾವ ಹಟ್ಟಿ ಚಿನ್ನದ ಗಣಿಯಲ್ಲಿ ಕೆಲಸ ಮಾಡ್ತಾರೆ. ಅವರ ಹತ್ತಿರ ವಿಷಯ ಎತ್ತಿದರೆ ಅವರು ಸೂಟಿನ ಬಗ್ಗೆ ಒಂದೂ ಪ್ರಶ್ನೆ ಕೇಳಲಿಲ್ಲ. "ಅವನು ಕೆಳಗ ಇದ್ದಾಗ ಮ್ಯಾಲೆ ಯಾರು ಇರ್ತಾರ?" ಅಂತ ಕೇಳಿದರು. ನಮ್ಮ ಹತ್ತಿರ ಉತ್ತರ ಇರಲಿಲ್ಲ. ಹೊರದೇಶದ ಡೈವ್ ಟೀಮುಗಳಲ್ಲಿ ಒಬ್ಬ ಇಳಿದರೆ ಒಬ್ಬ ದಂಡೆ ಮೇಲೆ ಅವನ ಲೈನ್ ಹಿಡಿದಿರ್ತಾನೆ, ಇನ್ನೊಬ್ಬ ಪೂರ್ತಿ ರೆಡಿಯಾಗಿ ಕೂತಿರ್ತಾನೆ. ಮೇಲೆ ಬಂದಮೇಲೆ ಸೂಟ್ ತೊಳೆಯೋಕೂ ಜನ. ನಾವು ಕಾಕಾಗೆ ಕೊಡೋಕೆ ಹೊರಟಿದ್ದು ಸೂಟ್ ಮಾತ್ರ.

ಈಗ ಸ್ವಲ್ಪ ನಮ್ಮ ಸಿಲಬಸ್. ಫ್ಲೂಯಿಡ್ ಮೆಕ್ಯಾನಿಕ್ಸ್ ಓದಿದವರು ಲೆಕ್ಕ ತಪ್ಪಿದ್ದರೆ ತಿದ್ದಿ. ಹರಿಯೋ ನೀರಿನಲ್ಲಿ ಅಡ್ಡ ನಿಂತ ಮನುಷ್ಯನ ಮೇಲೆ ಬೀಳೋ ಬಲ ವೇಗದ ವರ್ಗಕ್ಕೆ ತಕ್ಕ ಹಾಗೆ ಏರುತ್ತದೆ. ನೀರು ಸೆಕೆಂಡಿಗೆ 1.5 ಮೀಟರ್ ಹೋಗ್ತಿದೆ, ಮೈಯ ಎದುರು ಭಾಗ ಅರ್ಧ ಚದರ ಮೀಟರ್, ಡ್ರ್ಯಾಗ್ ಗುಣಾಂಕ 1 ಅಂತ ಇಟ್ಟುಕೊಳ್ಳಿ. ಸುಮಾರು 560 ನ್ಯೂಟನ್ ಬರ್ತದೆ. ಅಂದರೆ 57 ಕೆ.ಜಿ. ತೂಕ ಅಡ್ಡಕ್ಕೆ ತಳ್ಳಿದ ಹಾಗೆ, ಎಡೆಬಿಡದೆ. ಉಬ್ಬಿದ ಸೂಟ್ ಹಾಕಿದರೆ ಎದುರು ಭಾಗ ಇನ್ನೂ ದೊಡ್ಡದು.

ಇದಕ್ಕಿಂತ ಹೆದರಿಕೆ ತೂಬಿನದು. ಗೇಟಿನ ಒಂದು ಕಡೆ ನೀರು 2 ಮೀಟರ್ ಎತ್ತರ, ಇನ್ನೊಂದು ಕಡೆ ಖಾಲಿ ಅಂದುಕೊಳ್ಳಿ. ಕೆಳಗೆ 0.3 ಚದರ ಮೀಟರ್ ಬಾಯಿ. ಆ ಬಾಯಿಗೆ ಮೈ ಅಡ್ಡವಾದರೆ ಹಿಡಿದಿಡೋ ಬಲ ಹೆಚ್ಚುಕಡಿಮೆ 5,900 ನ್ಯೂಟನ್, ಅಂದರೆ 600 ಕೆ.ಜಿ. ಮೇಲಿಂದ ನೋಡಿದರೆ ನೀರು ಶಾಂತ, ಏನೂ ಗೊತ್ತಾಗೋದಿಲ್ಲ. ಒಬ್ಬರಲ್ಲ, ನಾಲ್ಕು ಜನ ಎಳೆದರೂ ಬಿಡಿಸೋಕಾಗೋದಿಲ್ಲ. ಬಿಡಿಸೋದು ಒಂದೇ: ಮೇಲಿನ ಗೇಟ್ ಇಳಿಸಿ ನೀರು ನಿಲ್ಲಿಸೋದು. ಅದಕ್ಕೆ ಬೇಕಾಗಿರೋದು ಸೂಟ್ ಅಲ್ಲ, ಆ ಹೊತ್ತಿಗೆ ಸರಿಯಾದ ಗ್ಯಾಂಗ್‌ಮನ್ ನಂಬರ್ ಯಾರ ಫೋನಿನಲ್ಲಿದೆ ಅನ್ನೋದು. ನನ್ನ ಫೋನಿನಲ್ಲಿ ಇರಲಿಲ್ಲ. ನಾನು ಹುಟ್ಟಿ ಬೆಳೆದದ್ದು ಕಾಲುವೆಯಿಂದ ಮುಕ್ಕಾಲು ಕಿಲೋಮೀಟರ್ ದೂರದಲ್ಲಿ.

ದಸರಾ ರಜೆಗೆ ಹೋದಾಗ ನಾವು ಮೊದಲೇ ಮಾಡಬೇಕಾಗಿದ್ದ ಕೆಲಸ ಮಾಡಿದೆವು. ಕಾಕಾನನ್ನೇ ಕೇಳಿದೆವು. ಅವರು ಬಲೆ ಬಿಡಿಸ್ತಾ ಕೂತಿದ್ದರು. ಫೋಟೋ ತೋರಿಸಿದರೆ ದೂರ ಹಿಡಿದು ನೋಡಿದರು, ಕನ್ನಡಕ ಇರಲಿಲ್ಲ.

"ಇದು ಕಾಲಿಗೂ ಬರ್ತದೇನು?"

"ಹೂಂ ಕಾಕಾ, ಪೂರಾ ಮುಚ್ಚತದ. ನಿಮಗ ಒಂದು ಹನಿ ನೀರ್ ಹತ್ತಂಗಿಲ್ಲ."

"ಮತ್ತ ನನಗ ತಳದಾಗ ಏನೈತಿ ಅಂತ ಹ್ಯಾಂಗ್ ಗೊತ್ತಾಗಬೇಕೋ ತಮ್ಮಾ? ಆ ಕೆಂಪು ನೀರಾಗ ಕಣ್ಣು ಬಿಟ್ಟರೂ ಅಷ್ಟ, ಮುಚ್ಚಿದರೂ ಅಷ್ಟ. ಕಲ್ಲೋ, ಅರಿವೆನೋ, ಮನಷಾನೋ ಅಂತ ನನಗ ಹೇಳೂದ ಕಾಲು."

ಇದು ನಮ್ಮ ಮೂವರಲ್ಲಿ ಯಾರಿಗೂ ಹೊಳೆದಿರಲಿಲ್ಲ. ಯೂಟ್ಯೂಬಿನಲ್ಲಿ ಎಷ್ಟು ರಿವ್ಯೂ ನೋಡಿದ್ದೆವೋ ಲೆಕ್ಕ ಇಲ್ಲ.

ಹಾಗಾದರೆ ನಿಮಗೆ ಏನು ಬೇಕು ಅಂತ ಕೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: ಮುಳುಗಿ ಎದ್ದಾಗ ತಾವು ಇಳಿದ ಜಾಗದಲ್ಲಿ ಇರೋದಿಲ್ಲ, ಮೂವತ್ತು ನಲವತ್ತು ಹೆಜ್ಜೆ ಕೆಳಗೆ ಎದ್ದಿರ್ತಾರೆ, ಆ ಹೊತ್ತಿಗೆ ದಮ್ಮು ಇರೋದಿಲ್ಲ. ಅಲ್ಲಿ ಯಾರಾದರೂ ಹಗ್ಗ ಹಿಡಿದು ನಿಂತಿದ್ದರೆ ಸಾಕು. ಮಂದಿ ಮಾತ್ರ ಇಳಿದ ಜಾಗದಲ್ಲೇ ಗುಂಪು ಕಟ್ಟಿ ವಿಡಿಯೋ ಮಾಡ್ತಾರೆ. ಇನ್ನೊಂದು ಮಾತನ್ನ ಅವರು ಬಲೆ ನೋಡಿಕೊಂಡೇ ಹೇಳಿದರು. "ನನ್ನ ಕರಸೂದು ಹೆಣ ತೆಗಿಯಾಕ. ಜೀವ ಇದ್ದಾಗ ಯಾರೂ ಕರಸಂಗಿಲ್ಲ. ಕರಸಿದರೂ ನಾ ಬರೂಷ್ಟರಾಗ ಆಗಿರ್ತದ."

ಅದಕ್ಕೇ ಹೇಳ್ತಿರೋದು. ಸೂಟ್ ಎಷ್ಟೇ ಒಳ್ಳೇದಿರಲಿ, ಅದು ಎರಡನೇ ದಿನದ ಸಾಮಾನು. ಮೊದಲ ಎರಡು ನಿಮಿಷಕ್ಕೆ ಅದು ಯಾವತ್ತೂ ಬರೋದಿಲ್ಲ. ಆವತ್ತು ಆ ಹುಡುಗನಿಗೆ ಇದ್ದದ್ದು ಎರಡು ನಿಮಿಷ, ದಂಡೆ ಮೇಲಿದ್ದದ್ದು ನಾವು.

ನಮ್ಮ ದೇಶದಲ್ಲಿ ನೀರಿಗೆ ಬಿದ್ದು ಸಾಯೋರು ವರ್ಷಕ್ಕೆ 30 ಸಾವಿರಕ್ಕೂ ಹೆಚ್ಚು. ಸುದ್ದಿಯಾಗೋದು ಮಾತ್ರ ಒಮ್ಮೆಗೇ ತುಂಬ ಜನ ಹೋದಾಗ. 2018ರ ನವೆಂಬರ್ 24ರಂದು, ಅಂಬರೀಶ್ ತೀರಿಕೊಂಡ ದಿನವೇ, ಮಂಡ್ಯ ಜಿಲ್ಲೆಯ ಕನಗನಮರಡಿ ಹತ್ತಿರ ವಿ.ಸಿ. ನಾಲೆಗೆ ಬಸ್ ಬಿದ್ದು 30 ಜನ ಹೋದರು. ಅದು ಎಲ್ಲರಿಗೂ ನೆನಪಿದೆ. ಚಪ್ಪಲಿ ತೊಳೆಯೋಕೆ ಹೋದ ಹುಡುಗನ ಸುದ್ದಿ ಜಿಲ್ಲಾ ಪುಟದಲ್ಲಿ ನಾಲ್ಕು ಸಾಲು.

ವಿಡಿಯೋ ಕಾಲಿನ ಕೊನೆಗೆ ಅಣ್ಣ ಬಾಲ್ಕನಿಗೆ ಹೋಗಿ ಕ್ಯಾಮೆರಾ ತಿರುಗಿಸಿದ್ದರು. ಕೆಳಗೆ ನೀರು, ದಂಡೆಯ ಕಂಬಕ್ಕೆ ಕಿತ್ತಳೆ ಬಣ್ಣದ ಒಂದು ಲೈಫ್ ಬಾಯ್ ತೂಗುಬಿದ್ದಿತ್ತು. ಸ್ವೀಡನ್‌ನಲ್ಲಿ ಕೆರೆ, ಕಾಲುವೆ, ಬಂದರು ಎಲ್ಲಿ ನೋಡಿದರೂ ಇವು ಇರ್ತವಂತೆ. ಯಾರಿಗೂ ಬೀಗ ಇಲ್ಲ, ಕಾವಲಿಲ್ಲ. "ಇಲ್ಲಿ ಯಾರೂ ಕದಿಯಂಗಿಲ್ಲೇನು?" ಅಂತ ಮಸ್ಕಿಯವನು ಮೊದಲು ಕೇಳಿದ್ದು ಅದನ್ನೇ. "ಕದೀತಾರ. ಮತ್ತ ಹಾಕ್ತಾರ," ಅಂದರು ಅಣ್ಣ. ಆಗ ನಾವು ಸೂಟಿನ ಗುಂಗಿನಲ್ಲಿದ್ದೆವು, ಅದರ ಮೇಲೆ ಹೆಚ್ಚು ಮಾತಾಡಲಿಲ್ಲ.

ನಾನು ಹೇಳೋ ಹಗ್ಗಕ್ಕೂ ಒಂದು ಆಯ್ಕೆ ಇದೆ. ನೈಲಾನ್ ಹಗ್ಗ ಮುಳುಗುತ್ತದೆ, ಹತ್ತಿ ಹಗ್ಗ ನೆನೆದು ಭಾರವಾಗುತ್ತದೆ. ತೇಲೋದು ಪಾಲಿಪ್ರೊಪಿಲೀನ್, ಅದರ ಸಾಂದ್ರತೆ ನೀರಿಗಿಂತ ಕಡಿಮೆ. ಹೆಸರಿಗೆ ಹೆದರಬೇಡಿ, ಟ್ರ್ಯಾಕ್ಟರಿನಲ್ಲಿ ಚೀಲ ಬಿಗಿಯೋ ಪ್ಲಾಸ್ಟಿಕ್ ಹಗ್ಗ ಬಹಳ ಸಲ ಅದೇ. ಒಂದು ತುಂಡು ಬಕೆಟಿನಲ್ಲಿ ಹಾಕಿದರೆ ಗೊತ್ತಾಗ್ತದೆ. ಸಿಂಧನೂರಿನ ಅಂಗಡಿಯಲ್ಲಿ ಕೆ.ಜಿ. ಲೆಕ್ಕದಲ್ಲಿ ಕೊಡ್ತಾರೆ. ಬೆರಳು ದಪ್ಪದ 20 ಮೀಟರಿಗೆ ನಾವು ಕೊಟ್ಟದ್ದು ಮುನ್ನೂರು ಚಿಲ್ಲರೆ. ತುದಿಗೆ ಐದು ಲೀಟರಿನ ಖಾಲಿ ಎಣ್ಣೆ ಡಬ್ಬಿ (ಇದು ಅಡಿಗೆ ಎಣ್ಣೆ!). ಡಬ್ಬಿ ಪೂರ್ತಿ ಖಾಲಿ ಇದ್ದರೆ ಗಾಳಿಗೆ ಎಲ್ಲೋ ಹೋಗ್ತದೆ. ಒಂದೆರಡು ಲೋಟ ನೀರು ಹಾಕಿ ಮುಚ್ಚಳ ಬಿಗಿದರೆ ದೂರಾನೂ ಹೋಗ್ತದೆ, ತೇಲ್ತದೆ ಕೂಡ. ನಮ್ಮ ಅಪ್ಪಂದಿರು ಬಾವಿಯಲ್ಲಿ ಈಜು ಕಲಿತದ್ದು ಬೆನ್ನಿಗೆ ಬೆಂಡು ಕಟ್ಟಿಕೊಂಡು, ಡಬ್ಬಿ ಕಟ್ಟಿಕೊಂಡು. ಇದೇನು ಹೊಸ ವಿದ್ಯೆ ಅಲ್ಲ.

ಎಸೆಯೋದು ಮಾತ್ರ ಅಷ್ಟು ಸುಲಭ ಅಲ್ಲ. ಮೊದಲ ಸಲ ನಾನು ಎಸೆದಾಗ ಹಗ್ಗ ಕಾಲಿಗೆ ಸುತ್ತಿಕೊಂಡು ಡಬ್ಬಿ ಎಂಟು ಮೀಟರಿಗೆ ಬಿತ್ತು. ಲಿಂಗಸೂಗೂರಿನವನು ನಕ್ಕು ನಕ್ಕು ಕೂತುಬಿಟ್ಟ, ಅವನದು ಆರು ಮೀಟರ್. ಸುರುಳಿಯನ್ನ ಎಡಗೈಯಲ್ಲಿ ಸಡಿಲವಾಗಿ ಹಿಡಿಯಬೇಕು, ಮನುಷ್ಯನ ತಲೆ ದಾಟಿ ಆಚೆ ಬೀಳೋ ಹಾಗೆ ಎಸೆಯಬೇಕು, ಹಗ್ಗ ಅವನ ಮೇಲೆ ಬರಬೇಕು. ನಿಮ್ಮ ಕೈಗೆ ಅಥವಾ ಸೊಂಟಕ್ಕೆ ಗಂಟು ಹಾಕಿಕೊಳ್ಳಬಾರದು, ಎಳೆದರೆ ನೀವೂ ಹೋಗ್ತೀರಿ. ಇಳಿಯೋನ ಸೊಂಟಕ್ಕೂ ಬಿಚ್ಚಲಾಗದ ಗಂಟು ಹಾಕಬಾರದು, ಹರಿಯೋ ನೀರು ಹಗ್ಗವನ್ನ ಎಳೆದು ಅವನನ್ನ ಕೆಳಗೇ ಒತ್ತುತ್ತದೆ. ಮೊದಲು ಕೋಲು ಚಾಚು, ಆಗದಿದ್ದರೆ ಹಗ್ಗ ಎಸೆ, ಅದೂ ಆಗದಿದ್ದರೆ ತೇಲೋದು ಏನಾದರೂ ತಗೊಂಡು ಹೋಗು, ಕೈ ಖಾಲಿ ಇಟ್ಟುಕೊಂಡು ಜಿಗಿಯೋದು ಕೊನೆಗೆ. ರಕ್ಷಣೆ ಕಲಿಸೋರು ಎಲ್ಲ ಕಡೆ ಹೇಳೋ ಕ್ರಮ ಇದೇ. ನಮ್ಮ ಸಿನಿಮಾ ಹೀರೋ ಕೊನೆಯದನ್ನ ಮೊದಲು ಮಾಡ್ತಾನೆ.

ಮಸ್ಕಿಯವನ ಅಡ್ಡ ಮಾತು ಇನ್ನೂ ಇದೆ, ಅದನ್ನ ಬರೆಯದಿದ್ದರೆ ಅನ್ಯಾಯ. "ಹಗ್ಗ ಕಟ್ಟಿದ ಮಾರನೇ ದಿನ ಯಾರಾರ ಎಮ್ಮೆಗೆ ಕಟ್ಟಾಕ ಒಯ್ತಾರ. ಸೂಟ್ ಆದರ ಕಾಕಾನ ಮನ್ಯಾಗ ಇರ್ತದ." ಒಯ್ತಾರೆ, ಅನುಮಾನ ಬೇಡ. ಒಂದು ಹಗ್ಗ ಹೋದರೆ ಮುನ್ನೂರು ರೂಪಾಯಿ. 35 ಸಾವಿರಕ್ಕೆ ಅಂಥ ನೂರು ಹಗ್ಗ ಬರ್ತವೆ. ಸೂಟಿನ ಕುತ್ತಿಗೆ ಸೀಲ್ ಹರಿದರೆ ಪೂರ್ತಿ 35 ಸಾವಿರವೇ ಗೂಟಕ್ಕೆ ನೇತಾಡುತ್ತದೆ. ಅವನ ಇನ್ನೊಂದು ಮಾತಿಗೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ: ಕಾಕಾ ಇಷ್ಟು ವರ್ಷ ಬರಿಮೈಯಲ್ಲಿ ಆ ನೀರಿಗೆ ಇಳಿದಿದ್ದಾರೆ, ಅವರಿಗೇ ಅಂತ ನಾವು ಏನು ಮಾಡಿದಂಗಾತು? ಒಂದು ಒಳ್ಳೇ ಲೈಫ್ ಜಾಕೆಟ್, ರಬ್ಬರ್ ಗ್ಲೌಸು, ಧನುರ್ವಾಯು ಇಂಜೆಕ್ಷನ್ನು, ಅವರ ಹೆಸರಿಗೆ ಒಂದು ಅಪಘಾತ ವಿಮೆ ಅಂತ ನಾನು ಪಟ್ಟಿ ಹೇಳಿದೆ. ಅದು ಸೂಟಿನಷ್ಟು ಫೋಟೋಗೆ ಚೆನ್ನಾಗಿ ಬರೋದಿಲ್ಲ ಅಂತ ಅವನು ಅಂದ. ತಮಾಷೆಗೇ ಅಂದದ್ದು, ಆದರೂ ಮೂವರೂ ಸ್ವಲ್ಪ ಹೊತ್ತು ಏನೂ ಟೈಪ್ ಮಾಡಲಿಲ್ಲ.

ಅಣ್ಣನಿಗೆ ಸೂಟ್ ತರಬೇಡಿ ಅಂತ ಹೇಳಿಯಾಗಿದೆ. ಅದನ್ನ ಅಲ್ಲೇ ಯಾರಿಗೋ ಮಾರ್ತಾರಂತೆ, ಕುತ್ತಿಗೆ ಸೀಲಿನ ವಿಷಯ ಹೇಳಿಯೇ ಮಾರ್ತೀನಿ ಅಂದಿದ್ದಾರೆ. ರಜೆ ಮುಗಿಯೋ ಮುಂಚೆ ಎರಡು ಹಗ್ಗ ಕಟ್ಟಿ ಬಂದೆವು. ಒಂದು ಆ ಹುಡುಗ ಜಾರಿದ ಸೇತುವೆ ಹತ್ತಿರದ ಚಹಾದ ಅಂಗಡಿಯಲ್ಲಿ, ಇನ್ನೊಂದು ಅಲ್ಲಿಂದ ಕೆಳಗೆ, ಹೆಣ್ಣುಮಕ್ಕಳು ಬಟ್ಟೆ ಒಗೆಯೋ ಮೆಟ್ಟಿಲಿನ ಪಕ್ಕದ ಬೇವಿನ ಗಿಡಕ್ಕೆ. ಚಹಾದ ಅಂಗಡಿಯವರ ಮಗನಿಗೆ ಎಸೆಯೋದು ಹೇಳಿಕೊಟ್ಟೆ. ಏಳನೇ ಕ್ಲಾಸು, ಮೂರನೇ ಸಲಕ್ಕೆ ಹನ್ನೆರಡು ಮೀಟರ್ ಎಸೆದ. ಮೊನ್ನೆ ಫೋನ್ ಮಾಡಿದ್ದೆ. ಬೇವಿನ ಗಿಡದ್ದು ಹೋಗಿದೆಯಂತೆ, ಅಂಗಡಿಯದು ಇದೆ. ದೀಪಾವಳಿಗೆ ಹೋಗುವಾಗ ಇನ್ನೊಂದು ತಗೊಂಡು ಹೋಗಬೇಕು.